ನೆಲದ ಬಳ್ಳಿಯ ಸಂತಾನ

ಯುಗಾದಿ ಕಳೆದು ಎರಡು ವಾರವಾಗಿದೆ. ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯಲ್ಲಿ ರೈತನೊಬ್ಬನು ತನ್ನ ಹಿತ್ತಿಲ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿರುವನೆಂದು ವಾಚಕರು ಊಹಿಸಿಕೊಳ್ಳಬೇಕು. ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಸಿಮೆಂಟಿನ ತೊಟ್ಟಿ. ಅದರ ತುಂಬ ಹೆಂಡಿ, ಹೊಟ್ಟು, ಜೋಳದ ಕಣಿಕೆ. ಹಬ್ಬಕ್ಕೆ ಮುಂಚೆ ಹಣ ಕೊಟ್ಟು ತಂದು ಬಿಟ್ಟ ಎರಡು ಕಿಲೋ ಎರೆಹುಳು ಅದರೊಳಗೆ ಇರಬೇಕಾಗಿತ್ತು. ಈಗ ಕೆದಕಿ ನೋಡಿದರೆ ಒಂದೂ ಕಾಣಿಸದು. ಅಲ್ಲಲ್ಲಿ ಒಣಗಿ ದಾರದಂತಾದ ನಾಲ್ಕಾರು ಹೆಣಗಳು. ಅಂಚಿನಲ್ಲಿ ಸಾಲುಗಟ್ಟಿ ಹೊರಟ ಕೆಂಪಿರುವೆಗಳು. ಬೆನ್ನ ಹಿಂದೆ ನಿಂತ ಮುದುಕಿ, “ನಾ ಅವತ್ತೇ ಹೇಳಿದ್ನಲ್ಲೋ ತಮ್ಮಾ, ಮಣ್ಣಾಗ ಇರೋ ಹುಳಕ್ಕ ಮನಿ ಕಟ್ಟಿದ್ರ ಉಳೀತಾವೇನು?” ಎನ್ನುತ್ತಾಳೆ. ರೈತನು ಉತ್ತರ ಕೊಡದೆ, ಎಲ್ಲವನ್ನೂ ಬಾಚಿ ತಿಪ್ಪೆಗೆ ಸುರಿಯಲು ಬುಟ್ಟಿಯನ್ನು ಎತ್ತಿಕೊಳ್ಳುತ್ತಾನೆ.

ರೈತನೂ ಮುದುಕಿಯೂ ಕಲ್ಪನೆಯವರು. ಸೋಲು ಮಾತ್ರ ಕಲ್ಪನೆಯದಲ್ಲ. ಬೇಸಗೆಯ ಬಾಯಿಗೆ ಹುಳುವನ್ನು ಕೊಟ್ಟು, ಬರಿದಾದ ತೊಟ್ಟಿಯಲ್ಲಿ ಹರಕು ಚೀಲಗಳನ್ನು ತುಂಬಿಟ್ಟವರು ಬಯಲುಸೀಮೆಯ ಯಾವ ಊರಿನಲ್ಲಿಯೂ ಸಿಕ್ಕಾರು. ಆದರೆ ಆ ಬುಟ್ಟಿ ತಿಪ್ಪೆಗೆ ಹೋಗುವ ಮೊದಲು ಅದರೊಳಗೆ ಹುಡುಕತಕ್ಕ ವಸ್ತು ಒಂದುಂಟು. ಅದು ಹುಳುವಲ್ಲ. ಬೆಂಡೆಯ ಬೀಜದಷ್ಟು ಗಾತ್ರ, ನಿಂಬೆಯ ಹಣ್ಣಿನ ಆಕಾರ, ಜೇನಿನ ಬಣ್ಣ. ಗೊಬ್ಬರದ ಕಪ್ಪಿನಲ್ಲಿ ಕಣ್ಣು ತಪ್ಪಿಸಿಕೊಂಡು ಕೂತಿರುವ ಪುಟ್ಟ ಪುಟ್ಟ ಕಾಳುಗಳು. ಎರೆಹುಳುವಿನ ಮೊಟ್ಟೆಚೀಲಗಳೆಂದರೆ ಅವೇ. ತಂದೆತಾಯಿಗಳು ಬಿಸಿಲಿಗೆ ಬಲಿಯಾದ ಮೇಲೆಯೂ ಒಂದು ಸಂತತಿಯನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡಿರುವ ಸಾಮರ್ಥ್ಯ ಅವುಗಳಿಗಿದೆ.

ಎರೆ ಎಂಬ ಮಾತು

ಕನ್ನಡದಲ್ಲಿ ‘ಎರೆ’ ಎಂಬ ಶಬ್ದ ಬಹು ಸ್ವಾರಸ್ಯವಾದುದು. ರಾಯಚೂರು, ಮಾನ್ವಿ, ದೇವದುರ್ಗಗಳ ಕಡೆ ಹೋಗಿ ‘ಎರಿ ಹೊಲ’ ಎಂದರೆ ಹತ್ತಿ ಜೋಳಗಳನ್ನು ಬೆಳೆಯುವ ಕಪ್ಪು ನೆಲವೆಂದು ಮಕ್ಕಳೂ ಹೇಳಿಯಾರು. ಗಾಳ ಹಾಕುವವನಿಗೆ ಎರೆಯೆಂದರೆ ಮೀನಿಗೆ ತೋರಿಸುವ ಆಹಾರ. ಎರೆಹುಳುವಿಗೆ ಆ ಹೆಸರು ಬಂದದ್ದು ಗಾಳದ ಕೊಕ್ಕೆಯಿಂದಲೋ ಹೊಲದ ಮಣ್ಣಿನಿಂದಲೋ ಎಂದು ಪಂಡಿತರು ಬೇಕಾದರೆ ವಾದಿಸಲಿ. ಹುಳುವಿಗೆ ಎರಡೂ ಒಪ್ಪುತ್ತವೆ. ಸಂಸ್ಕೃತದ ನಿಘಂಟುಕಾರರು ಅದನ್ನು ಗಂಡೂಪದ, ಭೂನಾಗ, ಮಹೀಲತಾ ಎಂದು ಕರೆದರು. ಮಹೀಲತಾ ಎಂದರೆ ನೆಲದ ಬಳ್ಳಿ. ಕಣ್ಣಿಲ್ಲದ, ಕಿವಿಯಿಲ್ಲದ, ಕೈಕಾಲಿಲ್ಲದ ಈ ಜೀವಕ್ಕೆ ಇದಕ್ಕಿಂತ ಚೆಲುವಾದ ಹೆಸರನ್ನು ಯಾವ ಭಾಷೆಯೂ ಕೊಟ್ಟಿರಲಾರದು.

ಆದರೆ ಹೆಸರು ಒಂದೇ ಆದರೂ ಹುಳು ಒಂದೇ ಅಲ್ಲ. ತೊಟ್ಟಿಯ ಅನೇಕ ಅನರ್ಥಗಳಿಗೆ ಈ ಭೇದವನ್ನು ಅರಿಯದಿರುವುದೇ ಮೂಲವಾಗಿದೆ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ ಕಾಣಿಸಿಕೊಳ್ಳುವ ನಮ್ಮ ನಾಡಿನ ಹುಳು ಮಣ್ಣನ್ನು ತಿಂದು, ಮಣ್ಣಿನಲ್ಲಿ ಬಿಲ ತೋಡಿ ಬಾಳತಕ್ಕದ್ದು. ದಕ್ಷಿಣ ಭಾರತದ ಹೊಲಗಳಲ್ಲಿ ಹೇರಳವಾಗಿರುವ ಲ್ಯಾಂಪಿಟೋ ಮಾರಿಷಿಯೈ ಎಂಬುದು ಈ ಬಗೆಯದು. ಬೇಸಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಇಂಥ ಹುಳುಗಳು ತೇವವನ್ನು ಹಿಂಬಾಲಿಸುತ್ತ ಆಳಕ್ಕೆ ಇಳಿದು, ಮೈಯನ್ನು ಗಂಟಿನಂತೆ ಸುತ್ತಿಕೊಂಡು, ಮೃಗಶಿರದ ಮಳೆ ಬರುವ ತನಕ ಜಡವಾಗಿ ಬಿದ್ದಿರುತ್ತವೆ. ಮುದುಕಿಯ ಮಾತು ಈ ಹುಳುವಿನ ಮಟ್ಟಿಗೆ ಅಕ್ಷರಶಃ ನಿಜ. ಅದನ್ನು ತೊಟ್ಟಿಯಲ್ಲಿ ಸಾಕಿ ಗೊಬ್ಬರ ಮಾಡಿಸಲು ಹೊರಡುವುದು ಎತ್ತನ್ನು ಗಾಣದಿಂದ ಬಿಚ್ಚಿ ಬಾವಿಗೆ ಇಳಿಸಿದಂತೆ.

ಗೊಬ್ಬರದ ಹುಳುವೇ ಬೇರೆ. ಅದು ನೆಲದ ಮೇಲ್ಪದರದಲ್ಲಿ, ಕೊಳೆತ ಎಲೆಯ ಕೆಳಗೆ, ಸಗಣಿಯ ಗುಪ್ಪೆಯಲ್ಲಿ ವಾಸಿಸುತ್ತದೆ. ಮಣ್ಣನ್ನಲ್ಲ, ಕೊಳೆಯುತ್ತಿರುವ ಕಸವನ್ನು ಉಣ್ಣುತ್ತದೆ. ನಮ್ಮ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಮೂರು ಕುಲಗಳು ಕಾಣಸಿಗುತ್ತವೆ: ಯೂರೋಪಿನ ಮೂಲದ ಕೆಂಪು ಹುಳು ಐಸೀನಿಯಾ ಫೀಟಿಡಾ, ಪಶ್ಚಿಮ ಆಫ್ರಿಕದಿಂದ ಬಂದ, ಗೇಣುದ್ದ ಬೆಳೆಯಬಲ್ಲ ಯೂಡ್ರಿಲಸ್ ಯೂಜಿನಿಯೆ, ನಮ್ಮ ಏಷ್ಯದ್ದೇ ಆದ, ಮುಟ್ಟಿದರೆ ಚಿಮ್ಮುವ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಈ ಮೂರನ್ನು ಉತ್ತ ಹೊಲಕ್ಕೆ ತೆಗೆದುಕೊಂಡು ಹೋಗಿ ಬಿಟ್ಟರೆ, ಉಣ್ಣಲು ಸಗಣಿಯಿಲ್ಲದೆ, ಅಡಗಲು ನೆರಳಿಲ್ಲದೆ ಅವು ಸಾಯುವುದು ಖಂಡಿತ. ಹೊಲಕ್ಕೆ ಹೋಗಬೇಕಾದ್ದು ಗೊಬ್ಬರ; ಹುಳು ಮನೆಯಲ್ಲೇ ಉಳಿಯಬೇಕು.

ಇವುಗಳ ಬಾಳುವೆಯನ್ನು ಕರ್ನಾಟಕದಲ್ಲಿ ಶಾಸ್ತ್ರೀಯವಾಗಿ ಪರಿಶೀಲಿಸಿದ ಕೀರ್ತಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ರಾಧಾ ಕಾಳೆ ಮತ್ತು ಅವರ ಸಂಗಡಿಗರಿಗೆ ಸಲ್ಲುತ್ತದೆ. ಪೆರಿಯೋನಿಕ್ಸ್ ಹುಳುವಿಗೆ ಕಸವನ್ನು ಉಣಿಸಿ ಗೊಬ್ಬರವಾಗಿಸುವ ಸಾಧ್ಯತೆಯನ್ನು ಕುರಿತ ಅವರ ಪ್ರಬಂಧ ಪ್ರಕಟವಾದದ್ದು 1982ರಲ್ಲಿ. ಬಳಿಕ ಯೂಡ್ರಿಲಸ್ ಹುಳುವಿನ ಸಾಕಣೆಯ ಕ್ರಮವನ್ನೂ ಅವರ ತಂಡ ಗೊತ್ತುಮಾಡಿತು. 1998ರಲ್ಲಿ ಅವರು ಬರೆದ ಇಂಗ್ಲಿಷ್ ಪುಸ್ತಕದಲ್ಲಿ ಎರೆಹುಳುವನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದು ಕರೆದಿದ್ದಾರೆ. ಒಲೆಯ ಬೂದಿಯಲ್ಲಿ ಕುಳಿತು ಮನೆಮಂದಿಯ ಚಾಕರಿಯನ್ನೆಲ್ಲ ಮಾಡುತ್ತಿದ್ದ ಮಲಮಗಳ ಕಥೆಯನ್ನು ಬಲ್ಲವರಿಗೆ ಹೋಲಿಕೆಯ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಗಂಡೂ ಅಹುದು, ಹೆಣ್ಣೂ ಅಹುದು

ಎರೆಹುಳುವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಕೇಳುವವರುಂಟು. ಪ್ರತಿಯೊಂದು ಹುಳುವೂ ಎರಡೂ ಹೌದು. ಒಂದೇ ಮೈಯೊಳಗೆ ಬೀಜಕೋಶವೂ ಇದೆ, ಅಂಡಕೋಶವೂ ಇದೆ. ಹಾಗಿದ್ದ ಮೇಲೆ ಒಂಟಿ ಹುಳುವೇ ಸಂಸಾರ ಹೂಡಬಹುದಲ್ಲ ಎಂದರೆ, ಸಾಮಾನ್ಯವಾಗಿ ಅದು ಹಾಗೆ ಮಾಡುವುದಿಲ್ಲ. ಅರ್ಧನಾರೀಶ್ವರನಾದರೂ ಅದಕ್ಕೆ ಜೊತೆ ಬೇಕು.

ಪ್ರಾಯಕ್ಕೆ ಬಂದ ಹುಳುವನ್ನು ಗುರುತಿಸುವುದು ಸುಲಭ. ಅದರ ಮೈಯ ಮುಂಭಾಗದಲ್ಲಿ, ಬೆರಳಿಗೆ ಉಂಗುರ ತೊಡಿಸಿದಂತೆ, ಸುತ್ತಲಿನ ಬಣ್ಣಕ್ಕಿಂತ ತಿಳಿಯಾದ ಒಂದು ದಪ್ಪನೆಯ ಪಟ್ಟಿ ಏಳುತ್ತದೆ. ಪ್ರಾಣಿಶಾಸ್ತ್ರಜ್ಞರು ಇದನ್ನು ಕ್ಲೈಟೆಲಮ್ ಎನ್ನುತ್ತಾರೆ. ಈ ಪಟ್ಟಿಯಿಲ್ಲದ ಹುಳು, ಉದ್ದದಲ್ಲಿ ಎಷ್ಟಿದ್ದರೂ, ಮದುವೆಯ ವಯಸ್ಸಿಗೆ ಬಂದದ್ದಲ್ಲ. ಹುಳುವನ್ನು ಕೊಳ್ಳಲು ಹೋದವರು ತೂಕವನ್ನಷ್ಟೇ ನೋಡದೆ, ಅಂಗೈ ಮೇಲೆ ಹತ್ತಿಪ್ಪತ್ತನ್ನು ಹಾಕಿಸಿಕೊಂಡು ಪಟ್ಟಿ ಬಂದವು ಎಷ್ಟೆಂದು ಎಣಿಸುವುದು ಜಾಣತನ.

ಕತ್ತಲೆಯಲ್ಲಿ, ತೇವದ ಹಾಸಿನ ನಡುವೆ, ಇಂಥ ಎರಡು ಹುಳುಗಳು ಒಂದರ ತಲೆ ಒಂದು ದಿಕ್ಕಿಗೆ, ಇನ್ನೊಂದರ ತಲೆ ಎದುರು ದಿಕ್ಕಿಗೆ ಇರುವಂತೆ ಮೈಗೆ ಮೈ ಹಚ್ಚಿ ಮಲಗುತ್ತವೆ. ಪಟ್ಟಿಯಿಂದ ಒಸರುವ ಲೋಳೆ ಅವೆರಡನ್ನೂ ಬಂಧಿಸುತ್ತದೆ. ಪರಸ್ಪರರ ಬೀಜವನ್ನು ಪಡೆದುಕೊಂಡು, ಮೈಯೊಳಗಿನ ಪುಟ್ಟ ಚೀಲಗಳಲ್ಲಿ ಕೂಡಿಟ್ಟುಕೊಂಡು, ಕೆಲವು ತಾಸುಗಳ ಬಳಿಕ ಎರಡೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಇಬ್ಬರೂ ಕೊಟ್ಟವರು, ಇಬ್ಬರೂ ಪಡೆದವರು. ಇಬ್ಬರೂ ತಾಯಂದಿರಾಗಲು ಹೊರಟವರು! ಒಮ್ಮೆ ಪಡೆದ ಬೀಜದ ಬಲದಿಂದ ಒಂದು ಹುಳು ಮುಂದೆ ಎಷ್ಟೋ ದಿನಗಳ ಕಾಲ ಮೊಟ್ಟೆಚೀಲಗಳನ್ನು ಇಡುತ್ತ ಹೋಗಬಲ್ಲುದು.

ಚೀಲ ರೂಪುಗೊಳ್ಳುವ ಬಗೆಯಂತೂ ಅತ್ಯಂತ ಸೋಜಿಗದ್ದು. ಕೆಂಪು ಹುಳುವಿನಲ್ಲಿ ನಡೆಯುವ ಕ್ರಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕುಲದಿಂದ ಕುಲಕ್ಕೆ ವಿವರಗಳಲ್ಲಿ ಕೊಂಚ ಭೇದವಿದೆ. ಪಟ್ಟಿಯ ಮೇಲೆ ಮೊದಲು ತೆಳುವಾದ ಒಂದು ಪೊರೆ ಬಳೆಯಂತೆ ಕಟ್ಟಿಕೊಳ್ಳುತ್ತದೆ. ಬಳೆಯೊಳಗೆ ಮರಿಗಳಿಗೆ ಬುತ್ತಿಯಾಗತಕ್ಕ ಪೌಷ್ಟಿಕ ರಸ ತುಂಬುತ್ತದೆ. ಆಮೇಲೆ ಹುಳು ನಿಧಾನವಾಗಿ ಹಿಂದೆ ಹಿಂದಕ್ಕೆ ಸರಿಯತೊಡಗುತ್ತದೆ. ಬಳೆ ತಲೆಯ ಕಡೆಗೆ ಜಾರುತ್ತದೆ. ಜಾರುವ ದಾರಿಯಲ್ಲಿ ಹದಿನಾಲ್ಕನೆಯ ಉಂಗುರದ ಬಳಿ ತನ್ನದೇ ಅಂಡಗಳು ಅದರೊಳಗೆ ಬೀಳುತ್ತವೆ. ಇನ್ನಷ್ಟು ಮುಂದೆ, ಜೊತೆಗಾರನಿಂದ ಪಡೆದು ಕೂಡಿಟ್ಟಿದ್ದ ಬೀಜ ಬೀಳುತ್ತದೆ. ಬಿಗಿಯಾದ ಅಂಗಿಯನ್ನು ತಲೆಯ ಮೇಲಿಂದ ಕಳಚಿ ಹಾಕುವ ಮಗುವಿನಂತೆ ಹುಳು ಕಟ್ಟಕಡೆಗೆ ಬಳೆಯಿಂದ ಹೊರಬಂದೊಡನೆ ಅದರ ಎರಡು ತುದಿಗಳೂ ಮುಚ್ಚಿಕೊಂಡು ನಿಂಬೆಯ ಆಕಾರ ತಾಳುತ್ತವೆ. ತಾಯಿ ತಿರುಗಿಯೂ ನೋಡುವುದಿಲ್ಲ. ಕಾವಿಲ್ಲ, ಗುಟುಕಿಲ್ಲ, ಲಾಲಿಯಿಲ್ಲ. ಮರಿಗೆ ಬೇಕಾದ ಬುತ್ತಿಯನ್ನೆಲ್ಲ ಕಟ್ಟಿಟ್ಟೇ ಅದು ಹೊರಟುಹೋಗಿರುತ್ತದೆ.

ಹೊಸ ಚೀಲದ ಬಣ್ಣ ಹಸುರು ಮಿಶ್ರಿತ ಹಳದಿ. ದಿನ ಕಳೆದಂತೆ ಅದು ಕಂದಾಗುತ್ತದೆ. ಒಡೆಯುವ ಕಾಲಕ್ಕೆ ಕೆಂಪಡರುತ್ತದೆ. ಒಳಗಿಂದ ಹೊರಬರುವ ಮರಿ ಬಿಳಿಯ ನೂಲಿನ ತುಣುಕಿನಂತಿರುತ್ತದೆ. ಮೂರು ಕುಲಗಳ ಲೆಕ್ಕವೂ ಒಂದೇ ಅಲ್ಲ. ಇಪ್ಪತ್ತೈದು ಡಿಗ್ರಿ ಉಷ್ಣತೆಯಲ್ಲಿ ಕೆಂಪು ಹುಳುವಿನ ಚೀಲ ಒಡೆಯಲು 18ರಿಂದ 26 ದಿನ ಬೇಕು. ಒಂದು ಚೀಲದಿಂದ ಸರಾಸರಿ ಮೂರು ಮರಿಗಳು. ಯೂಡ್ರಿಲಸ್ಸಿನ ಚೀಲ ಹನ್ನೆರಡರಿಂದ ಹದಿನಾರು ದಿನಕ್ಕೇ ಒಡೆಯುತ್ತದೆ. ಮರಿಗಳು ಎರಡು, ಎರಡೂವರೆ. ಪೆರಿಯೋನಿಕ್ಸ್ ದಿನಕ್ಕೊಂದರಂತೆ, ಅದಕ್ಕಿಂತಲೂ ತುಸು ಹೆಚ್ಚಾಗಿ, ಚೀಲವಿಡುತ್ತದೆ. ಆದರೆ ಒಂದರಲ್ಲಿ ಮರಿ ಒಂದೇ. ಉಳಿದೆರಡು ಕುಲಗಳು ಚೀಲವಿಡುವುದು ಎರಡು ದಿನಕ್ಕೊಂದು, ಹೆಚ್ಚೆಂದರೆ ವಾರಕ್ಕೆ ಮೂರು. ಹುಟ್ಟಿದ ಮರಿಗೆ ಪಟ್ಟಿ ಮೂಡಲು ನಾಲ್ಕರಿಂದ ಏಳು ವಾರ ಸಾಕು.

ಪ್ರಸಂಗವಶಾತ್ ಇಲ್ಲೊಂದು ಹಳೆಯ ಭ್ರಮೆಯ ವಿಚಾರ. ಎರೆಹುಳುವನ್ನು ನಡುವೆ ಕಡಿದರೆ ಎರಡು ಹುಳುಗಳಾಗುತ್ತವೆಂದು ಶಾಲೆಯ ಹುಡುಗರಷ್ಟೇ ಅಲ್ಲ, ಓದಿದವರೂ ನಂಬಿದ್ದಾರೆ. ತಲೆಯ ತುಂಡು ಸಾಕಷ್ಟು ಉದ್ದವಾಗಿದ್ದರೆ ಬಾಲವನ್ನು ಮತ್ತೆ ಬೆಳೆಸಿಕೊಂಡು ಬದುಕೀತು. ಬಾಲದ ತುಂಡು ಕೆಲಹೊತ್ತು ಒದ್ದಾಡಿ ಸಾಯುತ್ತದೆ. ಆದ್ದರಿಂದ ತೊಟ್ಟಿಯಲ್ಲಿ ಗುದ್ದಲಿ ಸಲಿಕೆ ಆಡಿಸುವುದು ಸಂತಾನವೃದ್ಧಿಯಲ್ಲ, ಕೊಲೆ.

ಕಾಗದದ ಲೆಕ್ಕ, ತೊಟ್ಟಿಯ ಲೆಕ್ಕ

ಈಗ ಯಾರಾದರೂ ಸೀಸದಕಡ್ಡಿ ಹಿಡಿದು ಕುಳಿತರೆ ಅವರ ಕಣ್ಣು ಅರಳದೆ ಇರದು. ಸಾವಿರ ಹುಳು ವಾರಕ್ಕೆ ಮೂರು ಸಾವಿರ ಚೀಲ. ನೂರಕ್ಕೆ ಎಂಬತ್ತು ಒಡೆದರೂ ಎರಡು ಸಾವಿರದ ನಾನೂರು. ಚೀಲಕ್ಕೆ ಎರಡೇ ಮರಿಯೆಂದರೂ ವಾರಕ್ಕೆ ನಾಲ್ಕು ಸಾವಿರದ ಎಂಟುನೂರು. ತಿಂಗಳಿಗೆ ಸುಮಾರು ಇಪ್ಪತ್ತು ಸಾವಿರ! ವರ್ಷಕ್ಕೆ ಲಕ್ಷಾಧೀಶ! ಹುಳು ಮಾರುವವರ ಬಾಯಲ್ಲಿ ಈ ಲೆಕ್ಕ ಬಹಳ ಚೆನ್ನಾಗಿ ಕೇಳುತ್ತದೆ. ಗಗನಕುಸುಮದ ಹಾರವೂ ಹಾಗೆಯೇ ಚೆನ್ನಾಗಿರುತ್ತದೆ.

ತೊಟ್ಟಿ ಈ ಲೆಕ್ಕವನ್ನು ಒಪ್ಪುವುದಿಲ್ಲ. ಹುಳು ತನಗಿರುವ ಎಡೆ, ಅನ್ನ, ನೀರುಗಳನ್ನು ನೋಡಿಕೊಂಡು ಸಂಸಾರವನ್ನು ಹಿಗ್ಗಿಸುತ್ತದೆ ಇಲ್ಲವೆ ಕುಗ್ಗಿಸುತ್ತದೆ. ಹಾಸಿಗೆಯಲ್ಲಿ ಕಿಕ್ಕಿರಿದಾಗ ಚೀಲವಿಡುವುದು ಇಳಿಮುಖವಾಗುತ್ತದೆ. ಮೇವು ಮುಗಿದಾಗ ಮೈ ಇಳಿಯುತ್ತದೆ, ಮೂಡಿದ್ದ ಪಟ್ಟಿಯೂ ಅಡಗಿಹೋಗುತ್ತದೆ. ಚೆನ್ನಾಗಿ ನೋಡಿಕೊಂಡ ತೊಟ್ಟಿಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಹುಳು ಇಮ್ಮಡಿಯಾದರೆ ಒಕ್ಕಲಿಗನು ತೃಪ್ತಿಪಡಬೇಕು. ಎಂದಮೇಲೆ ಎರಡು ಕಿಲೋ ಸಾಲದೆ ಹೋಯಿತೆಂದು ಮತ್ತೆ ನಾಲ್ಕು ಕಿಲೋ ಕೊಂಡು ಸುರಿಯುವುದರಿಂದ ಏನೂ ಆಗದು. ಮನೆ ಸರಿಯಿದ್ದರೆ ಅರ್ಧ ಕಿಲೋವೇ ಬೆಳೆದು ತುಂಬುತ್ತದೆ. ಮನೆ ಸರಿಯಿಲ್ಲದಿದ್ದರೆ ಹತ್ತು ಕಿಲೋವೂ ಇರುವೆಗೆ ಔತಣ.

ರಾಯಚೂರಿನ ಬಿಸಿಲಲ್ಲಿ

ಯಾಪಲದಿನ್ನಿಯ ರೈತನ ಮೊದಲ ತಪ್ಪು ಪಂಚಾಂಗದ್ದು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಸೀಮೆಯಲ್ಲಿ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟುವುದು ವಾಡಿಕೆ. ಯೂಡ್ರಿಲಸ್ ಹುಳುವಾದರೋ 30 ಡಿಗ್ರಿ ದಾಟಿತೆಂದರೆ ಸಂಕಟಪಡುತ್ತದೆ. ಯುಗಾದಿಗೆ ಹುಳು ಬಿಡುವುದೆಂದರೆ ಹಸುಗೂಸನ್ನು ಅಂಗಳದ ಬಿಸಿಲಲ್ಲಿ ಮಲಗಿಸಿದಂತೆ. ಮಳೆಗಾಲ ಹಿಡಿದ ಮೇಲೆ, ತಪ್ಪಿದರೆ ಮಹಾನವಮಿಯ ಹೊತ್ತಿಗೆ, ಆರಂಭಿಸಿದರೆ ಮುಂದೆ ಚಳಿಗಾಲದ ನಾಲ್ಕೈದು ತಿಂಗಳು ಹುಳುವಿಗೆ ಹಬ್ಬ. ಮಹಾನವಮಿಗೆ ಬಿಟ್ಟ ಒಂದು ಕಿಲೋ ಹೋಳಿಹುಣ್ಣಿಮೆಯ ಹೊತ್ತಿಗೆ ಮೂರು ನಾಲ್ಕು ಕಿಲೋ ಆಗಿ, ತೊಟ್ಟಿಯ ತುಂಬ ಚೀಲಗಳನ್ನಿಟ್ಟು, ಬೇಸಗೆಯನ್ನು ಎದುರಿಸಲು ಅಣಿಯಾಗಿರುತ್ತದೆ. ಈ ಮೊದಲ ನಾಲ್ಕು ತಿಂಗಳು ಅದರಿಂದ ಗೊಬ್ಬರವನ್ನು ಕೇಳಬಾರದು, ಸಂತಾನವನ್ನಷ್ಟೇ ಕೇಳಬೇಕು.

ಎರಡನೆಯ ತಪ್ಪು ಸ್ಥಳದ್ದು. ಬಟ್ಟಬಯಲಿನ ಸಿಮೆಂಟಿನ ತೊಟ್ಟಿ ಮಧ್ಯಾಹ್ನಕ್ಕೆ ಬಾಣಲೆಯಾಗುತ್ತದೆ. ಗೋಡೆಯ ಬಡಗಣ ಮಗ್ಗುಲು, ಇಲ್ಲವೆ ಮರದ ದಟ್ಟ ನೆರಳು, ಮೇಲೊಂದು ತಗ್ಗಾದ ಹಂದರ ಬೇಕು. ಹಂದರಕ್ಕೆ ತೊಗರಿಕಟ್ಟಿಗೆಯನ್ನೋ ಜೋಳದ ಕಣಿಕೆಯನ್ನೋ ಹೊದಿಸಿದರೆ ಖರ್ಚಿಲ್ಲ. ಹಾಸಿಗೆಯ ಮೇಲೆ ಗೋಣಿತಟ್ಟು ಹಾಸಿ, ಬೇಸಗೆಯಲ್ಲಿ ಬೆಳಗೂ ಬೈಗೂ ನೀರು ಚಿಮುಕಿಸಬೇಕು. ರಾಯಚೂರಿನ ಒಣಗಾಳಿ ಇಲ್ಲಿ ಶತ್ರುವಲ್ಲ, ಮಿತ್ರ. ಮಣ್ಣಿನ ಕೊಡದ ನೀರನ್ನು ತಂಪಾಗಿಸುವ ಗಾಳಿಯೇ ಒದ್ದೆ ಗೋಣಿಯ ನೀರನ್ನು ಹೀರುತ್ತ ಹಾಸಿಗೆಯನ್ನೂ ತಂಪಾಗಿಸುತ್ತದೆ. ನೆರಳು, ಒದ್ದೆ ಹೊದಿಕೆ, ಗಾಳಿ ಈ ಮೂರು ಕೂಡಿದರೆ ಹೊರಗಿನ ಉರಿಗೂ ಒಳಗಿನ ತಂಪಿಗೂ ಎಷ್ಟು ಅಂತರವೆಂಬುದನ್ನು ಗೋಣಿಯ ಕೆಳಗೆ ಕೈಯಿಟ್ಟು ನೋಡಿಯೇ ತಿಳಿಯಬೇಕು.

ನೀರು ಎಷ್ಟು? ಹಾಸಿಗೆಯ ಒಂದು ಹಿಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಧಾರೆಯಾಗಿ ಇಳಿಯಬಾರದು. ಹುಳು ಉಸಿರಾಡುವುದು ಮೈಚರ್ಮದಿಂದ. ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ. ನೀರು ಕಟ್ಟಿನಿಂತು ಗಾಳಿ ಆಡದಿದ್ದರೂ ಅದೇ ಗತಿ. ಇನ್ನು ನೀರಿನ ಗುಣ. ಕಾಲುವೆ ನೀರಾವರಿಯ ಭಾಗಗಳಲ್ಲಿ ಎರೆನೆಲ ಸವುಳಾಗುವುದೂ ಕೆಲವು ಬಾವಿಗಳ ನೀರು ಉಪ್ಪಾಗಿರುವುದೂ ರೈತರು ಅರಿತ ಸಂಗತಿಯೇ. ಉಪ್ಪು ಹುಳುವಿಗೆ ವಿಷ. ಅನುಮಾನವಿದ್ದರೆ ಒಂದು ಕುಂಡದಲ್ಲಿ ಆ ನೀರಿನಿಂದಲೇ ಹಾಸಿಗೆ ತೋಯಿಸಿ ಹತ್ತು ಹುಳು ಬಿಟ್ಟು ಎರಡು ದಿನ ಕಾಯುವುದು ಲೇಸು. ಒಳಗಿಳಿದು ನೆಮ್ಮದಿಯಾಗಿದ್ದರೆ ನೀರು ಒಳ್ಳೆಯದು. ಅಂಚು ಹತ್ತಿ ಓಡಿಹೋಗಲು ಹವಣಿಸಿದರೆ ಅದೇ ಅವುಗಳ ತೀರ್ಪು.

ಮೂರನೆಯ ತಪ್ಪು ಅನ್ನದ್ದು. ಹುಳು ಸಾಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಹಸಿಹೆಂಡಿಯನ್ನು ರಾಶಿ ಹಾಕಿದರೆ ಒಳಗೆ ಬಿಸಿಯೇಳುತ್ತದೆ, ಕಣ್ಣುರಿಸುವ ಅಮೋನಿಯಾ ಹೊರಡುತ್ತದೆ. ಹತ್ತು ಹದಿನೈದು ದಿನ ನೆರಳಲ್ಲಿ ಆರಿಸಿ, ನಡುನಡುವೆ ತಿರುವಿಹಾಕಿ, ಬಿಸಿ ಇಳಿದ ಮೇಲೆಯೇ ಅದು ಹುಳುವಿನ ಊಟ. ಬರಿಯ ಹೆಂಡಿಗಿಂತ, ಅದರೊಡನೆ ನುರಿದ ಕಣಿಕೆ, ತೊಗರಿಯ ಹೊಟ್ಟು, ಉದುರಿದೆಲೆ ಬೆರೆಸುವುದು ಮೇಲು. ಮಾನ್ವಿಯ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಉಳಿದು ಬೆಂಕಿಗೆ ಹೋಗುವ ಭತ್ತದ ಹುಲ್ಲು ಈ ಕೆಲಸಕ್ಕೆ ಚಿನ್ನದಂಥ ವಸ್ತು. ಕತ್ತರಿಸಿ, ನೆನೆಸಿ, ಹೆಂಡಿಯ ಬಗ್ಗಡದಲ್ಲಿ ಅದ್ದಿ ಕೊಳೆಹಾಕಿದರೆ ಕೆಲವು ವಾರಗಳಲ್ಲಿ ಮೃದುವಾಗುತ್ತದೆ. ಔಷಧ ಹೊಡೆದ ಹತ್ತಿಯ ಎಲೆಯನ್ನು ಮಾತ್ರ ಹತ್ತಿರ ಸುಳಿಸಬಾರದು. ಉಪ್ಪಿನಕಾಯಿ, ಎಣ್ಣೆ, ಮೂಳೆ, ಹುಳಿಹಣ್ಣಿನ ಸಿಪ್ಪೆಯ ರಾಶಿ ಇವೂ ವರ್ಜ್ಯ.

ಬೇವಿನ ಎಲೆಯ ವಿಷಯದಲ್ಲಿ ಹಲವರಿಗೆ ಹೆದರಿಕೆ. ಕಹಿಯೆಂದರೆ ಹುಳು ಸಾಯುವುದೆಂಬ ತರ್ಕ. ‘ದಿನ್ನಿ’ ಎಂದರೆ ದಿಬ್ಬ. ತೆಲುಗಿನ ಆಡುಮಾತಿನಲ್ಲಿ ಬೇವಿಗೆ ‘ಯಾಪ’ ಎನ್ನುವುದುಂಟು. ಹೆಸರಿನಲ್ಲಿಯೇ ಬೇವಿನ ನೆರಳು ಸುಳಿದಂತಿರುವ ಯಾಪಲದಿನ್ನಿಗೆ ಈ ಪ್ರಶ್ನೆ ಸಲ್ಲದ್ದಲ್ಲ. ಪುದುಚೇರಿಯ ಸಂಶೋಧಕರು ಬೇವಿನ ಎಲೆಯನ್ನೇ ಯೂಡ್ರಿಲಸ್ ಹುಳುವಿಗೆ ಉಣಿಸಿ ನೋಡಿ, ಅದು ಆಸೆಯಿಂದ ತಿಂದು ಸಂತಾನವನ್ನೂ ಬೆಳೆಸಿತೆಂದು 2004ರಲ್ಲಿ ಪ್ರಕಟಿಸಿದರು. ಹದವಾಗಿ ಕೊಳೆಸಿದ ಬೇವಿನೆಲೆಗೆ ಅಂಜಬೇಕಾಗಿಲ್ಲ.

ಹತ್ತು ಚದರ ಅಡಿಗೆ ಒಂದು ಕಿಲೋದಂತೆ ಹುಳು ಬಿಟ್ಟರೆ ಮೊದಲಿಗೆ ಸಾಕು. ತೀರ ವಿರಳವಾದರೆ ಒಂದಕ್ಕೊಂದು ಭೇಟಿಯಾಗುವುದು ತಡ. ಕಿಕ್ಕಿರಿದರೆ ಬಸಿರೇ ಇಲ್ಲ. ದಿನಕ್ಕೆ ತಮ್ಮ ತೂಕದ ಅರ್ಧದಷ್ಟನ್ನು ಉಣ್ಣುತ್ತವೆಂದು ಲೆಕ್ಕವಿಟ್ಟು, ತೆಳುವಾದ ಪದರಗಳಲ್ಲಿ ಬಡಿಸಬೇಕು. ಇರುವೆಯ ಕಾಟಕ್ಕೆ ತೊಟ್ಟಿಯ ಸುತ್ತ ನಾಲ್ಕು ಬೆರಳಗಲದ ನೀರಿನ ಕಾಲುವೆ. ಕೋಳಿ, ಇಲಿ, ಹೆಗ್ಗಣಗಳಿಗೆ ತಂತಿಯ ಬಲೆ. ದೊಡ್ಡ ತೊಟ್ಟಿ ಒಂದರ ಬದಲು ಸಣ್ಣವು ಎರಡು ಮೂರಿದ್ದರೆ, ಒಂದಕ್ಕೆ ಕೇಡು ತಟ್ಟಿದಾಗ ಇನ್ನೊಂದರಿಂದ ಬೀಜಹುಳು ಸಿಕ್ಕುತ್ತದೆ.

ಇವೆಲ್ಲವೂ ಆದ ಮೇಲೆ ಕಷ್ಟದ ಕೆಲಸವೊಂದಿದೆ: ಸುಮ್ಮನಿರುವುದು. ಹೊಸಬರು ದಿನಕ್ಕೆರಡು ಸಲ ತೊಟ್ಟಿಯನ್ನು ಕೆದಕಿ ಹುಳು ಎಣಿಸುತ್ತಾರೆ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ, ಸಾಯುವುದಕ್ಕೆ ಕೆಲವೇ ತಿಂಗಳ ಮೊದಲು, ಎರೆಹುಳುಗಳ ಮೇಲೊಂದು ಪುಸ್ತಕವನ್ನೇ ಪ್ರಕಟಿಸಿದನು. ಹುಳುಗಳಿಗೆ ಕಿವಿಯುಂಟೋ ಎಂದು ನೋಡಲು ಅವನ ಮನೆಯಲ್ಲಿ ಸೀಟಿ ಊದಿದರು, ಬಸೂನ್ ಎಂಬ ಭಾರಿ ಕೊಳಲನ್ನು ಬಾರಿಸಿದರು, ಹುಳುಗಳು ಅಲುಗಲಿಲ್ಲ. ಅವುಗಳಿದ್ದ ಕುಂಡವನ್ನು ಪಿಯಾನೋ ವಾದ್ಯದ ಮೇಲಿಟ್ಟು ಒಂದು ಸ್ವರವನ್ನು ಒತ್ತಿದೊಡನೆ ಬಿಲಕ್ಕೆ ನುಗ್ಗಿದುವು! ಶಬ್ದ ಕೇಳದ ಜೀವಕ್ಕೆ ಕಂಪನ ಮಾತ್ರ ಮೈಗೆಲ್ಲ ತಿಳಿಯುತ್ತದೆ. ಹೊತ್ತುಗೊತ್ತಿಲ್ಲದೆ ಕೆದಕುವ ಕೈ ಅದಕ್ಕೆ ಭೂಕಂಪವೇ ಸರಿ.

ಗೊಬ್ಬರದೊಡನೆ ಹೊಲಕ್ಕೆ ಹೋಗುವ ಬೀಜ

ಸಂತಾನ ನಷ್ಟವಾಗುವುದು ಬಿಸಿಲಿನಿಂದ ಮಾತ್ರವಲ್ಲ. ಗೊಬ್ಬರ ತೆಗೆಯುವ ದಿನವೂ ಅಷ್ಟೇ ನಷ್ಟವಾಗುತ್ತದೆ, ಅದೂ ಯಾರ ಕಣ್ಣಿಗೂ ಬೀಳದ ಹಾಗೆ.

ಕಸವೆಲ್ಲ ಚಹಾಪುಡಿಯಂತೆ ಕಪ್ಪಾಗಿ ಉದುರಾದಾಗ ನಾಲ್ಕೈದು ದಿನ ನೀರು ನಿಲ್ಲಿಸುತ್ತಾರೆ. ದೊಡ್ಡ ಹುಳುಗಳು ತೇವವನ್ನು ಅರಸಿ ಕೆಳಕ್ಕೆ ಇಳಿಯುತ್ತವೆ. ಮೇಲಿನ ಗೊಬ್ಬರವನ್ನು ಗೋಪುರದಂತೆ ರಾಶಿ ಹಾಕಿ, ಜರಡಿ ಹಿಡಿದು, ಚೀಲಕ್ಕೆ ತುಂಬುತ್ತಾರೆ. ಹುಳು ಉಳಿಯಿತೆಂದು ಸಮಾಧಾನ. ಆದರೆ ಚೀಲವಿಟ್ಟದ್ದು ಎಲ್ಲಿ? ಮೇಲುಪದರದ ಆ ಗೊಬ್ಬರದಲ್ಲಿಯೇ. ಮೊಟ್ಟೆಚೀಲಗಳೂ ನೂಲಿನಂಥ ಮರಿಗಳೂ ಗೋಣಿಯೊಳಗೆ ಸೇರಿ ಹೊಲಕ್ಕೆ ಹೋಗುತ್ತವೆ. ಅಲ್ಲಿ ಅವುಗಳ ಗತಿ ಏನೆಂಬುದು ಮೊದಲೇ ಹೇಳಿ ಆಗಿದೆ. ವರ್ಷಕ್ಕೆ ಮೂರು ನಾಲ್ಕು ಸಲ ಹೀಗೆ ನಡೆದರೆ ತೊಟ್ಟಿಯಲ್ಲಿ ಮುದಿಹುಳುಗಳೇ ಉಳಿದು, ಒಂದು ದಿನ ಅವೂ ಇಲ್ಲವಾಗುತ್ತವೆ. ಹುಳು ಏಕೆ ಕಡಿಮೆಯಾಯಿತೆಂದು ರೈತನು ತಲೆ ತುರಿಸಿಕೊಳ್ಳುತ್ತಾನೆ.

ಉಪಾಯ ಕಷ್ಟದ್ದಲ್ಲ. ಜರಡಿಯ ಮೇಲೆ ಉಳಿದ ಒರಟು ಚೂರುಗಳಲ್ಲಿ ಚೀಲಗಳು ಬಹಳ ಇರುತ್ತವೆ. ಅವನ್ನು ಬಿಸಾಡದೆ ಹೊಸ ಹಾಸಿಗೆಯ ಮೇಲೆ ಹರಡಬೇಕು. ಜರಡಿಯಿಂದ ಇಳಿದ ಗೊಬ್ಬರವನ್ನೂ ಒಡನೆಯೇ ಚೀಲಕ್ಕೆ ತುಂಬದೆ, ನೆರಳಿನಲ್ಲಿ ರಾಶಿ ಮಾಡಿ, ಮೂರು ವಾರ ತೇವ ಆರದಂತೆ ಕಾಪಾಡಬೇಕು. ಅಷ್ಟರಲ್ಲಿ ಒಳಗಿನ ಚೀಲಗಳು ಒಡೆಯುತ್ತವೆ. ಹುಟ್ಟ ಮರಿಗಳಿಗೆ ಅಲ್ಲಿ ಉಣ್ಣಲು ಹೆಚ್ಚೇನೂ ಇಲ್ಲ. ಆಗ ಆರಿದ ಹೆಂಡಿಯ ಉಂಡೆಗಳನ್ನು, ತೆಂಗಿನಕಾಯಿಯಷ್ಟು ಗಾತ್ರದವು, ರಾಶಿಯ ನಡುನಡುವೆ ಹುದುಗಿಸಿಟ್ಟರೆ ಹಸಿದ ಮರಿಗಳೆಲ್ಲ ಅದರೊಳಗೆ ಸೇರಿಕೊಳ್ಳುತ್ತವೆ. ಕೆಲವು ದಿನಗಳ ಬಳಿಕ ಉಂಡೆಗಳನ್ನು ಹಾಗೆಯೇ ಎತ್ತಿ ತೊಟ್ಟಿಗೆ ಹಾಕಿದರಾಯಿತು. ಇಷ್ಟು ಮಾಡಿದ ಮನೆಯವರು ಎರಡನೆಯ ಸಲ ಹುಳು ಕೊಳ್ಳಲು ಪೇಟೆಗೆ ಹೋಗಬೇಕಾಗಿಲ್ಲ. ನೆರೆಯವರಿಗೆ ಬೊಗಸೆ ತುಂಬ ಕೊಡಬಲ್ಲರು.

ಈಗ ಮತ್ತೆ ಆ ಬುಟ್ಟಿಯ ಬಳಿಗೆ. ರೈತನ ಕೈ ತಡೆದು, ಒಂದು ಹಿಡಿಯನ್ನು ಬಿಳಿಯ ತಟ್ಟೆಯ ಮೇಲೆ ಹರಡಿ ಬೆಳಕಿಗೆ ಹಿಡಿಯುವಂತೆ ಹೇಳಬೇಕು. ಹುಳು ಬಿಟ್ಟು ಮೂರು ನಾಲ್ಕು ವಾರವಾಗಿದ್ದರೆ, ಸಾಯುವ ಮೊದಲು ಅವು ಚೀಲವಿಟ್ಟಿರುವ ಸಂಭವ ಹೆಚ್ಚು. ಬಿಸಿಲನ್ನೂ ಬರವನ್ನೂ ಹುಳುವಿಗಿಂತ ಚೀಲ ಹೆಚ್ಚಾಗಿ ತಡೆದುಕೊಳ್ಳುತ್ತದೆ. ಜೇನುಬಣ್ಣದ ಕಾಳುಗಳು ನಾಲ್ಕಾರು ಕಂಡರೂ ಸರಿ, ಇಡೀ ಹಾಸಿಗೆಯನ್ನು ಬೇವಿನ ನೆರಳಿಗೆ ಸಾಗಿಸಿ, ಆರಿದ ಹೆಂಡಿಯ ತೆಳುಪದರವನ್ನು ಹೊದಿಸಿ, ಒದ್ದೆ ಗೋಣಿಯನ್ನು ಮುಚ್ಚಿ, ಸುತ್ತ ನೀರಿನ ಕಾಲುವೆ ಮಾಡಿ ಬಿಡಬೇಕು. ಕೆದಕಬಾರದು. ಮೂರು ವಾರ ಕಳೆದು ಒಂದು ಮುಂಜಾನೆ, ಬಿಸಿಲೇರುವ ಮುಂಚೆ, ಮುದುಕಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಗೋಣಿಯ ಅಂಚನ್ನು ಮೆಲ್ಲನೆ ಎತ್ತಿ ನೋಡಲಿ. ಅವಳ ಕಣ್ಣು ಮಂಜಾಗಿದ್ದರೆ ಬಿಳಿಯ ನೂಲಿನ ತುಣುಕುಗಳನ್ನು ಅಂಗೈ ಮೇಲೆ ಹಾಕಿ ಕೊಡಲಿ. ಅವು ಮಿಸುಕುವುದು ಅವಳ ಕೈಗೇ ತಿಳಿಯುತ್ತದೆ.